ಗೋಡೆಯಾಚೆಯ ಮಿಷಿನ್ನು

"ಈಗ ಕೇಳಿಸ್ತಾ?"

"ಕೇಳಿಸ್ತು."

"ಈಗ?"

"ಅದೂ ಕೇಳಿಸ್ತು. ಹೀಗೆ ಕೂಗಿದ್ರೆ ಯಾರಿಗೆ ತಾನೆ ಕೇಳಿಸಲ್ಲ ಡಾಕ್ಟ್ರೇ?"

ಕೂಗುತ್ತಿದ್ದದ್ದು ಡಾಕ್ಟರಲ್ಲ, ಮಿಲ್ಲಮ್ಮ. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾದಿದ್ದವರು ಒಳಗೆ ಜಗಳ ಹತ್ತಿಕೊಂಡಿತೇನೋ ಎಂದು ಬಾಗಿಲತ್ತ ತಿರುಗಿದ್ದರು. ಡಾಕ್ಟರು ಅವಳ ಕಿವಿಯಿಂದ ದೊಡ್ಡ ಹೆಡ್‌ಫೋನ್ ತೆಗೆದು, ಕೈಯಲ್ಲಿದ್ದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಹೋದ ಸಲ ಬಂದಾಗ ಹೇಗಿತ್ತೋ ಹಾಗೇ ಇದೆ ಕಣಮ್ಮ ನಿಮ್ಮ ಕಿವಿ. ಅರ್ಧ ಮಿಲ್ಲಿಗೆ ಕೊಟ್ಟಿದ್ದೀರಿ, ಅದು ವಾಪಸ್ ಬರಲ್ಲ. ಉಳಿದದ್ದು ಗಟ್ಟಿಯಾಗಿದೆ."

"ಗಟ್ಟಿಯಾಗಿದ್ರೆ ಪಕ್ಕದ ಮನೆ ಹೊಲಿಗೆ ಮಿಷಿನ್ನು ಯಾಕೆ ಕೇಳಿಸ್ತಿಲ್ಲ? ಅವನು ಬಂದ ಹೊಸದ್ರಲ್ಲಿ ಚೆನ್ನಾಗಿ ಕೇಳಿಸ್ತಿತ್ತು. ಆಮೇಲೆ ದಿನಾ ಒಂದಿಷ್ಟು ಇಳೀತಾ ಬಂತು. ಈಗ ಗೋಡೆಗೆ ಕಿವಿ ಅಂಟಿಸಿದ್ರೂ ಏನೂ ಇಲ್ಲ."

"ಅವರು ಹೊಲಿಯೋದು ನಿಲ್ಲಿಸಿರಬಹುದು."

"ಹೊಟ್ಟೆಪಾಡಿನ ಕೆಲಸ ಯಾರಾದ್ರೂ ನಿಲ್ಲಿಸ್ತಾರಾ? ಇನ್ನೊಂದ್ಸಲ ಸರಿಯಾಗಿ ನೋಡಿ."

ಡಾಕ್ಟರು ಇನ್ನೊಂದು ಸಲ ನೋಡಲಿಲ್ಲ. ನಗುತ್ತಲೇ ಗಂಟೆ ಒತ್ತಿ ಮುಂದಿನವರನ್ನು ಕರೆದರು. ಕಿವಿ ಚೆನ್ನಾಗಿದೆ ಎಂದು ಕೇಳಿ ಮುಖ ಸಪ್ಪೆ ಮಾಡಿಕೊಂಡು ಹೊರಟ ರೋಗಿಯನ್ನು ಅವರು ಅದೇ ಮೊದಲು ನೋಡಿದ್ದಿರಬೇಕು.

ಮಿಲ್ಲಮ್ಮ ಬಸ್ಸು ಹತ್ತದೆ ನಡೆದೇ ಹೊರಟಳು. ಕಿವಿ ಹೋಯಿತು ಎಂದಿದ್ದರೆ ಒಂದು ಬಗೆಯ ಸಮಾಧಾನವಾದರೂ ಇರುತ್ತಿತ್ತು. ಆಗ ಮಿಷಿನ್ನು ಗೋಡೆಯಾಚೆ ತನ್ನ ಪಾಡಿಗೆ ತಾನು ಓಡುತ್ತಲೇ ಇರುತ್ತದೆ, ತನಗೆ ಕೇಳಿಸುತ್ತಿಲ್ಲ ಅಷ್ಟೆ, ಅಂದುಕೊಳ್ಳಬಹುದಿತ್ತು.

ಬಟ್ಟೆ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡು ಆಯುಷ್ಯದ ಮುಕ್ಕಾಲು ಪಾಲು ಕಳೆದವಳು ಅವಳು. ಮಿಲ್ಲು ಮುಚ್ಚಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಅಂಟಿಕೊಂಡೇ ಉಳಿದಿತ್ತು. ಮಗ್ಗದ ಶೆಡ್ಡಿನಲ್ಲಿ ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಅರಚಿದರೂ ಪ್ರಯೋಜನವಿರಲಿಲ್ಲ. ಅಲ್ಲಿನ ಹೆಂಗಸರು ತುಟಿ ನೋಡಿ ಮಾತು ತಿಳಿಯುತ್ತಿದ್ದರು. ದೂರದವಳನ್ನು ಕರೆಯಬೇಕಾದರೆ ಅಡ್ಡನೂಲು ಓಡಿಸುವ ಮರದ ಲಾಳಿಯಿಂದ ಮಗ್ಗದ ಕಬ್ಬಿಣದ ಚೌಕಟ್ಟಿಗೆ ಎರಡು ಪೆಟ್ಟು ಹಾಕಬೇಕು. ಅಷ್ಟು ಗದ್ದಲದಲ್ಲೂ ಆ ಪೆಟ್ಟು ಕಾಲಿನಿಂದ ಹತ್ತಿ ಎದೆಗೆ ತಟ್ಟುತ್ತಿತ್ತು. ನಾನಿಲ್ಲಿದ್ದೀನಿ, ನೀನಿದ್ದೀಯಾ? ಅಷ್ಟೇ ಅದರ ಅರ್ಥ. ಅತ್ತ ಕಡೆಯಿಂದಲೂ ಎರಡು ಪೆಟ್ಟು ಬಂದರೆ ಮಾತು ಮುಗಿಯಿತು.

ಪಕ್ಕದ ಮಗ್ಗದವಳು ಗುಂಡಕ್ಕ. ಮಿಲ್ಲು ಮುಚ್ಚಿದ ಮೇಲೆ ಇಬ್ಬರೂ ಹಟ ಹಿಡಿದು ಒಂದೇ ಕಟ್ಟಡದ ಎರಡನೇ ಮಹಡಿಯಲ್ಲಿ ಪಕ್ಕಪಕ್ಕದ ಮನೆ ಹಿಡಿದರು. ಮಿಲ್ಲಮ್ಮನಿಗೆ ಮದುವೆಯಾಗಿರಲಿಲ್ಲ. ತಂಗಿಯ ಮಗಳನ್ನು ಸಾಕಿ ಬೆಳೆಸಿದ್ದಳು. ಅವಳೀಗ ಗಂಡನ ಜೊತೆ ಬೇರೆ ಊರಿನಲ್ಲಿದ್ದು ಬಿಡುವಾದಾಗ ಫೋನು ಮಾಡುತ್ತಿದ್ದಳು. "ದೊಡ್ಡಮ್ಮ, ಕೂಗ್ಬೇಡಿ, ನನ್ನ ಕಿವಿ ಚೆನ್ನಾಗಿದೆ" ಎನ್ನುವುದು ಪ್ರತಿ ಫೋನಿನ ಮೊದಲ ಮಾತು. ಗುಂಡಕ್ಕ ವಿಧವೆ. ಎರಡು ಮನೆಗಳ ನಡುವೆ ಒಂದೇ ಗೋಡೆ, ಗೋಡೆಯ ಎರಡೂ ಕಡೆ ಮಂಚ. ಬೆಳಿಗ್ಗೆ ಎದ್ದ ಕೂಡಲೇ ಒಬ್ಬಳು ಲಟ್ಟಣಿಗೆಯಿಂದ ಗೋಡೆಗೆ ಎರಡು ಪೆಟ್ಟು ಹಾಕುವುದು, ಇನ್ನೊಬ್ಬಳು ಎರಡು ವಾಪಸ್ ಕೊಡುವುದು. ಆಮೇಲೆ ಹಲ್ಲುಜ್ಜುವುದು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಿಲ್ಲಮ್ಮ ಬಡಿದಳು. ಉತ್ತರ ಬರಲಿಲ್ಲ. ಮತ್ತೆ ಬಡಿದಳು. ಗುಂಡಕ್ಕ ನಿದ್ದೆಗೆಟ್ಟಿರಬೇಕು, ಮಲಗಲಿ, ಎಂದುಕೊಂಡಳು. ಆದರೆ ಲಟ್ಟಣಿಗೆ ಕೆಳಗಿಡಲಿಲ್ಲ. ಬರಿಗಾಲಲ್ಲೇ ಓಡಿ ಪಕ್ಕದ ಬಾಗಿಲು ಗುದ್ದಿದಳು.

ಅದಾದ ಮೇಲೆ ಆ ಮನೆ ಖಾಲಿ ಬಿದ್ದಿತ್ತು. ಜೀವನವಿಡೀ ಗದ್ದಲದಲ್ಲಿ ಬಾಳಿದವರಿಗೆ ನಿಶ್ಶಬ್ದ ಹಿತವಾಗಿರುತ್ತದೆ ಎಂದು ಜನ ತಿಳಿಯುತ್ತಾರೆ. ಅದು ಶುದ್ಧ ಸುಳ್ಳು. ಮನೆ ಮೌನವಾದರೆ ಮಿಲ್ಲಮ್ಮನ ಕಿವಿಯೊಳಗೇ ಒಂದು ಸಣ್ಣ ಸಿಳ್ಳೆ ಶುರುವಾಗುತ್ತಿತ್ತು. ಹಗಲೆಲ್ಲ ಅದೇ ಸಿಳ್ಳೆ. ರೇಡಿಯೋ ಹಾಕಿ ನೋಡಿದಳು, ಟೀವಿ ಹಾಕಿ ನೋಡಿದಳು. ಅವು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದವು. ಅವುಗಳ ಹಿಂದೆ ಮನುಷ್ಯರ ಕೈಕಾಲು ಆಡುತ್ತಿರಲಿಲ್ಲ. ಒಂಟಿತನ ಎನ್ನುವ ಪದವನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. "ಮಧ್ಯಾಹ್ನ ನಿದ್ದೆ ಬರಲ್ಲ" ಎನ್ನುತ್ತಿದ್ದಳು.

ಆಗ ಬಂದವನು ಟೈಲರ್. ಅವನು ಸಾಮಾನು ಇಳಿಸಿದ ದಿನ ಊಟ ಮುಗಿಸಿ ಅಡ್ಡಾಗಿದ್ದ ಮಿಲ್ಲಮ್ಮನ ಬೆನ್ನಿಗೆ ಮಂಚದ ಮೂಲಕ ಏನೋ ನಡುಕ ತಾಗಿತು. ಟಕಟಕಟಕ ಓಡಿ, ನಿಂತು, ಮತ್ತೆ ಓಡುವ ಸದ್ದು. ಕಾಲಿನಿಂದ ತುಳಿಯುವ ಹಳೇ ಕಬ್ಬಿಣದ ಹೊಲಿಗೆ ಮಿಷಿನ್ನು! ಮಗ್ಗದ ಮೊಮ್ಮಗುವಿನಂತಿತ್ತು ಅದರ ದನಿ. ಕಿವಿಯ ಸಿಳ್ಳೆ ಎಲ್ಲಿ ಮಾಯವಾಯಿತೋ ತಿಳಿಯಲಿಲ್ಲ. ಅವಳು ಕಣ್ಣು ಬಿಟ್ಟಾಗ ಬೀದಿ ದೀಪ ಹತ್ತಿತ್ತು.

ಮಾರನೆಯ ಬೆಳಿಗ್ಗೆ ಮಿಷಿನ್ನು ಶುರುವಾದ ಕೂಡಲೇ ಅವಳು ಲಟ್ಟಣಿಗೆ ತೆಗೆದುಕೊಂಡು ಗೋಡೆಗೆ ಎರಡು ಪೆಟ್ಟು ಹಾಕಿದಳು. ಸಂತೋಷಕ್ಕೆ ಸ್ವಲ್ಪ ಜೋರಾಗಿಯೇ ಹಾಕಿದಳು. ಮಿಷಿನ್ನು ಗಕ್ಕನೆ ನಿಂತಿತು. ಕಾದಳು. ಉತ್ತರ ಬರಲಿಲ್ಲ. "ಪಾಪ, ಹೊಸಬ. ಕಲೀತಾನೆ" ಎಂದುಕೊಂಡಳು.

ಗೋಡೆಯ ಆಚೆ ಏನಾಗುತ್ತಿತ್ತು ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು? ಆ ಮನುಷ್ಯ ಪೆಡಲಿನಿಂದ ಎತ್ತಿದ ಕಾಲನ್ನು ಹಾಗೇ ಹಿಡಿದು ಗೋಡೆಯನ್ನೇ ನೋಡುತ್ತ ಕೂತಿದ್ದ. ಹಿಂದಿನ ಮನೆಯಲ್ಲಿ ಕೆಳಗಿನವರ ಕೂಸು ಏಳುತ್ತದೆಂದು ಬಿಡಿಸಿದ್ದರು. ಅದಕ್ಕೂ ಹಿಂದಿನದರಲ್ಲಿ ಯಾರದೋ ಮಗಳ ಪರೀಕ್ಷೆಗೆ ಅಡ್ಡಿಯಾಗುತ್ತದೆಂದು ಬಿಡಿಸಿದ್ದರು. ಹೆಂಡತಿ ಅವಳ ಅಣ್ಣನ ಮನೆಗೆ ಹೋದವಳು ವಾಪಸ್ ಬಂದಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಮಿಷಿನ್ ಸದ್ದಿಗೆ" ಎಂದು ನಗುತ್ತಿದ್ದ. ಸಿದ್ಧ ಉಡುಪಿನವರು ಕತ್ತರಿಸಿ ಕೊಟ್ಟ ಶರ್ಟಿನ ಕಾಲರುಗಳನ್ನು ಗಂಟು ಕಟ್ಟಿ ತಂದು ಮನೆಯಲ್ಲೇ ಹೊಲಿದುಕೊಡುವುದು ಅವನ ಕೆಲಸ. ಬರೀ ಕಾಲರು. ಅವನು ಪೂರ್ತಿ ಶರ್ಟು ಹೊಲಿದು ಯಾವ ಕಾಲವಾಯಿತೋ. ಈ ಮನೆಯಲ್ಲಾದರೂ ನೆಲೆ ನಿಲ್ಲಬೇಕು ಎಂದುಕೊಂಡು ಬಂದಿದ್ದ, ಮೊದಲ ಬೆಳಿಗ್ಗೆಯೇ ಗೋಡೆಗೆ ಏಟು ಬಿತ್ತು.

ಅವನು ಮಿಷಿನ್ನಿನ ಕಾಲ ಕೆಳಗೆ ಕಂಬಳಿ ಮಡಿಸಿ ಇಟ್ಟ. ಸದ್ದು ತಗ್ಗಿತು. ಗೋಡೆಯ ಈಚೆ ಮಿಲ್ಲಮ್ಮ ಕಿವಿ ಉಜ್ಜಿಕೊಂಡಳು. ಮರುದಿನ ತನಗೆ ಕೇಳಿಸಲಿ ಎಂಬಂತೆ ಇನ್ನೂ ಜೋರಾಗಿ ಬಡಿದಳು. ಅವನು ಹಾಸಿಗೆಯನ್ನೇ ಮಡಿಸಿ ಗೋಡೆಗೆ ಒರಗಿಸಿದ. ಅವಳು ಬಡಿದಳು. ಅವನು ಮಿಷಿನ್ನನ್ನು ಅಡುಗೆಮನೆಯ ಆಚೆ ಮೂಲೆಗೆ ಎಳೆದ. ಎಳೆಯುವ ಸದ್ದು ಕೇಳಿಸೀತೆಂದು ಒಂದೊಂದೇ ಕಾಲು ಎತ್ತಿ, ಅಂಗುಲ ಅಂಗುಲವಾಗಿ ಸರಿಸಿದ. ಕಂಬಳಿಯ ಮೇಲೆ ನಿಂತ ಮಿಷಿನ್ನು ಅಲುಗಾಡಿ ಹೊಲಿಗೆ ಸೊಟ್ಟಗಾಗತೊಡಗಿತು. ಕಾಲರು ಸೊಟ್ಟಗಾದರೆ ಶರ್ಟು ಎಷ್ಟು ಚೆನ್ನಾಗಿದ್ದರೇನು? ಗಂಟಿಗೆ ಗಂಟೇ ವಾಪಸ್ ಬಂತು.

ಒಂದು ಸಲ ಇಬ್ಬರೂ ಮೆಟ್ಟಿಲಲ್ಲಿ ಎದುರಾದರು. ಮಿಲ್ಲಮ್ಮ ಮಿಲ್ಲಿನ ದನಿಯಲ್ಲೇ, "ಆ ಮಿಷಿನ್ನು ನಿಂದೇನಾ?" ಎಂದು ಕೇಳಿ, ಅಭ್ಯಾಸದಂತೆ ಉತ್ತರಕ್ಕಾಗಿ ಅವನ ಬಾಯನ್ನೇ ದುರುಗುಟ್ಟಿ ನೋಡಿದಳು. ಅವನು ಒಂದು ಮೆಟ್ಟಿಲು ಹಿಂದೆ ಸರಿದ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಏನೋ ಗೊಣಗಿ, ಗೋಡೆಗೆ ಮೈ ಒರಸಿಕೊಂಡೇ ಕೆಳಗಿಳಿದುಹೋದ. ಬಾಯಿ ಕಾಣದ ಮೇಲೆ ಅವಳಿಗೆ ಮಾತು ಹೇಗೆ ತಿಳಿಯಬೇಕು? "ಜಂಬದವನು" ಎಂದುಕೊಂಡಳು. ಆದರೂ ಬೆಳಿಗ್ಗೆ ಗೋಡೆ ಬಡಿಯುವುದನ್ನು ಬಿಡಲಿಲ್ಲ. ಜಂಬದವನಾದರೂ ಇದ್ದಾನಲ್ಲ.

ಆಸ್ಪತ್ರೆಯಿಂದ ನಡೆದು ಬಂದ ಮಿಲ್ಲಮ್ಮ ಬೀದಿಯ ತಿರುವಿನಲ್ಲಿ ಕಾಲು ನಿಲ್ಲಿಸಿದಳು. ಕಟ್ಟಡದ ಮುಂದೆ ಸಾಮಾನಿನ ಗಾಡಿ ನಿಂತಿತ್ತು. ಅದರಲ್ಲಿ ಒಂದು ಸ್ಟೌ, ಬಕೆಟ್ಟಿನೊಳಗೆ ತುರುಕಿದ ಪಾತ್ರೆ, ಹಗ್ಗ ಕಟ್ಟಿದ ಹಾಸಿಗೆ. ಕೆಳಗಿನ ಮನೆಯ ಓನರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು.

"ಯಾರು ಖಾಲಿ ಮಾಡ್ತಿರೋದು?"

"ಇನ್ಯಾರು, ನಿಮ್ಮ ಪಕ್ಕದೋನು. ಇನ್ನು ನೆಮ್ಮದಿಯಾಗಿರಿ ಮಿಲ್ಲಮ್ಮ."

"ಯಾಕೆ? ಏನಾಯ್ತು?"

ಓನರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೆ ಅಂತ ನೀವು ಕೇಳ್ತೀರಲ್ಲ! ಬೆಳಗಾದ್ರೆ ಗೋಡೆ ಗುದ್ದೋರು ಯಾರು? ಬಾಯಿಸತ್ತ ಮನುಷ್ಯ ಅವನು. ಒಂದು ಮಾತು ಎದುರಾಡಲಿಲ್ಲ. 'ಅಮ್ಮಾವ್ರಿಗೆ ವಯಸ್ಸಾಗಿದೆ, ನನ್ನಿಂದ ಯಾಕೆ ತೊಂದ್ರೆ' ಅಂತ ತಾನೇ ಬೇರೆ ಕಡೆ ನೋಡ್ಕೊಂಡ."

ಮಿಲ್ಲಮ್ಮನಿಗೆ ಓನರಮ್ಮನ ತುಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಮಾತೂ ತಪ್ಪಿಹೋಗಲಿಲ್ಲ. ಆದರೂ ಅದು ತನ್ನ ವಿಷಯ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಎರಡು ಮಹಡಿಯನ್ನು ಎಲ್ಲೂ ನಿಲ್ಲದೆ ಹತ್ತಿದಳು.

ಟೈಲರನ ಬಾಗಿಲು ತೆರೆದಿತ್ತು. ಗುಂಡಕ್ಕ ಹೋದ ಮೇಲೆ ಅವಳು ಆ ಹೊಸ್ತಿಲಿಗೆ ಬಂದಿರಲಿಲ್ಲ. ಒಳಗೆ ಉಳಿದದ್ದು ಸ್ಟೂಲು ಬಿಟ್ಟರೆ ಮಿಷಿನ್ನೊಂದೇ. ಅದನ್ನು ಇಳಿಸಲು ಕೆಳಗಿನಿಂದ ಗಾಡಿಯವನು ಬರಲಿ ಎಂದು ಅವನು ಪಕ್ಕದಲ್ಲಿ ನಿಂತಿದ್ದ. ಇವಳನ್ನು ಕಂಡವನೇ ಕೈಯನ್ನು ಬಾಯಿಗೆ ಅಡ್ಡ ತಂದು ಏನೋ ಗೊಣಗಿದ.

"ಕೈ ತೆಗಿ!"

ಅವನು ಬೆಚ್ಚಿಬಿದ್ದ.

"ಬೈತಿಲ್ಲಪ್ಪ. ನಂಗೆ ಅರ್ಧ ಕಿವುಡು. ಬಾಯಿ ಕಾಣಿಸಿದ್ರೇನೇ ಮಾತು ತಿಳಿಯೋದು. ಕೈ ತೆಗೆದು ಹೇಳು."

"ಹೊರಟೆ ಅಮ್ಮ, ಇನ್ನು ನಿಮಗೆ ತೊಂದ್ರೆ ಇಲ್ಲ, ಅಂದೆ ಅಷ್ಟೇ."

"ಯಾವ ತೊಂದ್ರೆ? ನಾನು ಹೇಳಿದ್ನಾ ತೊಂದ್ರೆ ಅಂತ?"

"ಬಡೀತಿದ್ರಲ್ಲಮ್ಮ. ದಿನಾ."

"ಎದ್ದಿದೀನಿ ಅಂತ ಬಡಿದೆ!" ಎಂದಳು ಮಿಲ್ಲಮ್ಮ. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಶೆಡ್ಡು, ಲಾಳಿ, ಕಬ್ಬಿಣದ ಚೌಕಟ್ಟು, ಗುಂಡಕ್ಕ, ಗೋಡೆ. ಹೇಳುತ್ತ ಹೇಳುತ್ತ ದನಿ ಏರಿತು. ಕೆಳಗಿದ್ದ ಓನರಮ್ಮ ಮತ್ತೆ ಜಗಳ ಶುರುವಾಯಿತೆಂದೇ ತಿಳಿದಿರಬೇಕು.

ಟೈಲರ್ ಮಿಷಿನ್ನಿನ ಸ್ಟೂಲಿನ ಮೇಲೆ ಕೂತ. "ನೀವು ಬಡಿದಾಗೆಲ್ಲ ನಾನು ಕಂಬಳಿ ಹಾಸ್ತಾ ಹೋದೆನಲ್ಲಮ್ಮ."

"ನಾನು ಕಿವಿ ಡಾಕ್ಟ್ರ ಹತ್ರ ಹೋಗಿ ಬಂದೆ ಕಣೋ. ಈಗ ತಾನೆ."

ಅವನು ನಕ್ಕ. ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕ. ಅವಳಿಗೂ ನಗು ಬಂತು. ಖಾಲಿ ಕೋಣೆಯಲ್ಲಿ ಇಬ್ಬರ ನಗುವೂ ದೊಡ್ಡದಾಗಿ ಕೇಳಿಸಿ, ಇಬ್ಬರೂ ಬೇಗ ನಿಲ್ಲಿಸಿಬಿಟ್ಟರು.

"ಹೋಗ್ಬೇಡಪ್ಪ" ಎಂದಳು ಮಿಲ್ಲಮ್ಮ. ಯಾರನ್ನೂ ಹಾಗೆ ಬೇಡಿದವಳಲ್ಲ ಅವಳು. ಸಾಕಿದ ಹುಡುಗಿ ಮದುವೆಯಾಗಿ ಹೊರಟಾಗಲೂ, "ಹುಷಾರಾಗಿ ಹೋಗು" ಎಂದಿದ್ದಳಷ್ಟೆ.

ಅವನು ಮಿಷಿನ್ನಿನ ಮೇಲಿದ್ದ ದಾರದ ಚೂರುಗಳನ್ನು ಬೆರಳಿನಿಂದ ಗುಡಿಸಿದ. "ಕಾಲರಿನ ಕೆಲಸ ಹೋಯ್ತಮ್ಮ. ಹೊಲಿಗೆ ಸರಿ ಬರ್ತಿಲ್ಲ ಅಂತ ಬಿಡಿಸಿದ್ರು. ಊರಾಚೆ ಒಂದು ಶೆಡ್ಡಲ್ಲಿ ಕೆಲಸ ಸಿಕ್ಕಿದೆ, ಮಿಷಿನ್ ತಂದ್ರೆ ಅಲ್ಲೇ ಅಟ್ಟದ ಮೇಲೆ ಮಲಗೋಕೂ ಜಾಗ ಕೊಡ್ತಾರೆ. ನಾಳೆ ಬೆಳಿಗ್ಗೆ ಸೇರ್ಕೋಬೇಕು. ಈ ಮನೆಗೂ ಓನರಮ್ಮ ಬೇರೆಯವರಿಗೆ ಮಾತು ಕೊಟ್ಟಾಯ್ತು."

"ಯಾರಿಗೆ?"

"ಗಂಡ ಹೆಂಡ್ತಿ. ಇಬ್ರೂ ಕೆಲಸಕ್ಕೆ ಹೋಗೋರಂತೆ. ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೇ ಬರೋದಂತೆ." ಅವನು ತಡವರಿಸಿದ. "ಸದ್ದುಗದ್ದಲ ಇಲ್ಲದೋರು, ನಿಮಗೆ ಅನುಕೂಲ ಆಗ್ಲಿ ಅಂತ ಓನರಮ್ಮ ಹುಡುಕಿ ಹುಡುಕಿ ಗೊತ್ತು ಮಾಡಿದ್ರು."

ಮಿಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕೆಳಗೆ ಗಾಡಿಯವನು ಹಾರ್ನ್ ಬಾರಿಸಿದ. ಅದು ಅವಳಿಗೆ ಕೇಳಿಸಲಿಲ್ಲ. ಟೈಲರ್ ಕಿಟಕಿಯತ್ತ ತಿರುಗಿದ್ದು ನೋಡಿ ಗೊತ್ತಾಯಿತು.

"ಒಂದ್ಸಲ ಓಡಿಸ್ತೀಯಾ?" ಎಂದಳು. "ಕಂಬಳಿಗಿಂಬಳಿ ಏನೂ ಬೇಡ. ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟು."

"ಬಟ್ಟೆ ಇಲ್ದೆ ಓಡಿಸ್ಬಾರ್ದಮ್ಮ, ಬಟ್ಟೆ ಎಳೆಯೋ ಹಲ್ಲು ಸವೆಯುತ್ತೆ. ಬಟ್ಟೆ ಗಂಟೆಲ್ಲ ಗಾಡೀಲಿದೆ."

ಅವಳು ತನ್ನ ಮನೆಗೆ ಹೋಗಿ ಮಂಚದ ಮೇಲಿನ ಹೊದಿಕೆಯನ್ನೇ ಸೆಳೆದು ತಂದಳು. ಅಂಚು ಎಳೆಬಿಟ್ಟು ಜೋಲುತ್ತಿದ್ದ ಬಿಳಿ ಹೊದಿಕೆ. ಅವನು ಅದನ್ನು ಎರಡು ಕೈಯಲ್ಲಿ ಹಿಡಿದು, ಬಟ್ಟೆ ಬಲ್ಲವರು ಹಿಡಿಯುವ ಹಾಗೆ ಬೆರಳ ನಡುವೆ ತೀಡಿ ನೋಡಿದ.

"ಒಳ್ಳೇ ನೇಯ್ಗೆ."

"ನಮ್ಮ ಶೆಡ್ಡಿನದು" ಎಂದಳು ಮಿಲ್ಲಮ್ಮ.

ಇಬ್ಬರೂ ಸೇರಿ ಮಿಷಿನ್ನನ್ನು ಗೋಡೆಯ ಪಕ್ಕಕ್ಕೆ ತಂದರು. ಈ ಸಲ ಎತ್ತಲಿಲ್ಲ, ಕರಕರ ಎಳೆದೇ ತಂದರು. ಅವನು ದಾರ ಪೋಣಿಸುವಾಗ ಅವಳು ಬಾಗಿಲತ್ತ ಹೊರಟಳು.

"ಎಲ್ಲಿಗಮ್ಮ? ಇಲ್ಲೇ ಕೂತ್ಕೊಳ್ಳಿ."

"ಇಲ್ಲಿ ಕೂತ್ರೆ ಬರೀ ಸದ್ದು. ನಾನು ಆ ಕಡೆ ಹೋಗ್ತೀನಿ. ಗೋಡೆಯಿಂದ ಬರ್ಬೇಕು ಅದು."

ಅವಳು ಹೊದಿಕೆಯಿಲ್ಲದ ಮಂಚದ ಮೇಲೆ ಗೋಡೆಯತ್ತ ಮಗ್ಗುಲಾಗಿ ಮಲಗಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಿಷಿನ್ನಿನ ಒಂದೆರಡು ಬಿಡಿ ಹೆಜ್ಜೆ, ಆಮೇಲೆ ಓಟ. ಎಂಥ ಓಟ! ಬರಿ ನೆಲದ ಮೇಲೆ ನಾಲ್ಕು ಕಾಲೂರಿ ನಿಂತ ಮಿಷಿನ್ನು, ಯಾರಿಗೂ ಹೆದರದೆ ತುಳಿಯುತ್ತಿದ್ದ ಕಾಲು. ಗೋಡೆ ಅದುರಿತು, ಮಂಚ ಅದುರಿತು, ಪಕ್ಕೆಲುಬಿನೊಳಗೆ ಅದುರಿತು. ಉದ್ದನೆಯ ಅಂಚು, ಅವನು ಎಲ್ಲೂ ನಿಲ್ಲಿಸಲಿಲ್ಲ. ಮೂಲೆಗೆ ಬಂದಾಗ ಒಂದು ಕ್ಷಣ ತಡೆದು, ಬಟ್ಟೆ ತಿರುಗಿಸಿ, ಮತ್ತೆ ಹೊರಟ. ಕಿವಿಯೊಳಗಿನ ಸಿಳ್ಳೆ ಅಡಗಿತು. ಮಿಲ್ಲಮ್ಮ ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದಳು. ನಾಲ್ಕು ಮೂಲೆ ತಿರುಗಿದರೆ ಮುಗಿಯುತ್ತದೆ, ಎದ್ದು ಹೋಗಿ ಕಳಿಸಿಕೊಡಬೇಕು, ಒಂದು ಲೋಟ ನೀರಾದರೂ ಕೊಡಬೇಕು, ಎಂದುಕೊಂಡಳು. ಎಷ್ಟೋ ವಾರಗಳಿಂದ ಮಧ್ಯಾಹ್ನ ಕಣ್ಣು ಮುಚ್ಚದವಳು ಅವಳು. ಮೂರನೆಯ ಮೂಲೆಯೋ ನಾಲ್ಕನೆಯದೋ ತಿರುಗುವುದರೊಳಗೆ ನಿದ್ದೆ ಹೋಗಿದ್ದಳು.

ಎಚ್ಚರವಾದಾಗ ಕಿಟಕಿಯ ಬಿಸಿಲು ನೆಲದಿಂದ ಎದ್ದು ಎದುರಿನ ಗೋಡೆ ಹತ್ತಿತ್ತು. ಮಂಚ ಅಲುಗುತ್ತಿರಲಿಲ್ಲ. ಸಿಳ್ಳೆ ತನ್ನ ಜಾಗಕ್ಕೆ ಬಂದು ಕೂತಿತ್ತು. ಅವಳು ತಡಬಡಿಸಿ ಎದ್ದು ಬಾಗಿಲು ತೆಗೆದಳು. ಪಕ್ಕದ ಮನೆಗೆ ಓನರಮ್ಮನ ಬೀಗ ಬಿದ್ದಿತ್ತು. ತನ್ನ ಬಾಗಿಲ ಹಿಡಿಕೆಗೆ ಹೊದಿಕೆ ಮಡಿಸಿ ತೂಗುಹಾಕಿತ್ತು.

ಒಳಗೆ ತಂದು ಮಂಚದ ಮೇಲೆ ಬಿಚ್ಚಿ ಹರಡಿದಳು. ಜೋಲುತ್ತಿದ್ದ ಅಂಚೆಲ್ಲ ಒಳಮಡಿಕೆಯಾಗಿ, ಅಂಗಡಿಯ ಕಾಲರಿನಷ್ಟು ನೇರವಾಗಿ ಹೊಲಿಗೆ ಬಿದ್ದಿತ್ತು. ಅದರ ಪಕ್ಕದಲ್ಲೇ ಒಳಗೆ ಇನ್ನೊಂದು ಸುತ್ತು ಹೊಲಿಗೆ. ಅದರ ಒಳಗೆ ಮತ್ತೊಂದು. ಅದರ ಒಳಗೂ. ಬೆರಳಗಲ ಬಿಟ್ಟು ಬೆರಳಗಲ ಬಿಟ್ಟು, ಮೂಲೆ ಮೂಲೆಗೆ ತಿರುಗುತ್ತ, ಬಟ್ಟೆಯ ನಡುವಿನವರೆಗೂ ಹೊಲಿದಿದ್ದ. ಗಾಡಿಯವನು ಅಷ್ಟು ಹೊತ್ತು ಹೇಗೆ ಕಾದನೋ. ನಡುವಿನ ಹತ್ತಿರ, ಇನ್ನೂ ಅಂಗೈಯಗಲ ಜಾಗ ಉಳಿದಿರುವಾಗ ಹೊಲಿಗೆ ಅರ್ಧಕ್ಕೇ ನಿಂತು ದಾರದ ತುದಿ ಹೊರಗೆ ಇಳಿಬಿದ್ದಿತ್ತು.

ಅವಳು ಆ ಸಾಲುಗಳ ಮೇಲೆ ಬೆರಳಾಡಿಸಿದಳು. ಬೀದಿಯಲ್ಲಿ ಕೆಲಸ ಬಿಟ್ಟು ಬರುವವರ ಹೊತ್ತು. ಅವಳ ಕಿವಿಗೆ ಬೀಳದೆ ಎಲ್ಲೋ ಬಾಗಿಲು ತೆರೆದುಕೊಂಡಿತು, ಯಾರೋ ಯಾರನ್ನೋ ಕರೆದರು. ಅವಳ ಮಹಡಿಗೆ ಯಾರೂ ಹತ್ತಿ ಬರಲಿಲ್ಲ. ದೀಪ ಹಾಕದೆ ಅವಳು ಹಾಗೇ ಹೊದಿಕೆಯ ಮೇಲೆ ಅಡ್ಡಾದಳು. ಹೊಲಿಗೆಯ ಗೆರೆಗಳು ಬೆನ್ನಿಗೆ ಒಂದೊಂದಾಗಿ ಒತ್ತುತ್ತಿದ್ದವು.